ವ್ಲಾಸ್ತಾಳ ಕೊಳವೆ ಗೊಂಚಲು

ವ್ಲಾಸ್ತಾ ಪೆಖೋವಾ ಇಪ್ಪತ್ತೊಂಬತ್ತು ವರ್ಷ ತುತ್ತೂರಿಗಳ ಬಾಯಿ ಅರಳಿಸುವ ಕೆಲಸ ಮಾಡಿದಳು. ಹಿತ್ತಾಳೆಯ ಆಲಿಕೆಯನ್ನು ಲೇತಿನ ಅಚ್ಚಿಗೆ ತೊಡಿಸಿ, ಅದು ಗಿರ್ರನೆ ತಿರುಗುತ್ತಿರುವಾಗ ಮಾರುದ್ದದ ಉಕ್ಕಿನ ಸಲಾಕೆಯನ್ನು ಕಂಕುಳಲ್ಲಿ ಅವುಚಿಕೊಂಡು, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾ ಹೋಗಬೇಕು. ಹೆಚ್ಚು ಒತ್ತಿದರೆ ತಗಡು ಹರಿಯುತ್ತದೆ, ಕಡಿಮೆ ಒತ್ತಿದರೆ ಸುಕ್ಕು ಬೀಳುತ್ತದೆ. ಅವಳ ಎಡಗೈಗಿಂತ ಬಲಗೈ ದಪ್ಪ. ಬಲಗಂಕುಳ ಕೆಳಗಿನ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ಗಡುಸಾಗಿತ್ತು. ಅವಳು ಅರಳಿಸಿದ ತುತ್ತೂರಿಗಳು ಯಾವ ಯಾವ ದೇಶಕ್ಕೆ ಹೋದವೋ, ಯಾರು ಊದಿದರೋ ಅವಳಿಗೆ ಗೊತ್ತಿಲ್ಲ. ಕೇಳಬೇಕೆಂದೂ ಅನಿಸಿರಲಿಲ್ಲ. ಬೆರಳನ್ನು ಒಳಗೆ ಹಾಕಿ ಸುತ್ತಿಸಿದಾಗ ಎಲ್ಲೂ ತಡೆಯದೆ ಹೋದರೆ ಅವಳ ಕೆಲಸ ಮುಗಿಯಿತು.

ಕ್ರುಷ್ನೆ ಹೋರಿ ಬೆಟ್ಟಗಳ ನಡುವಿನ ಲೂಚ್ನಾ ಎಂಬ ಆ ಪುಟ್ಟ ಊರಿನಲ್ಲಿ ಮನೆಗೊಬ್ಬರಾದರೂ ವಾದ್ಯದ ಕಾರ್ಖಾನೆಯಲ್ಲಿ ದುಡಿದವರೇ. ಅವಳ ತಾಯಿ ಅಲ್ಲಿ ಕವಾಟಗಳಿಗೆ ಸ್ಪ್ರಿಂಗ್ ಹಾಕುತ್ತಿದ್ದಳು, ತಾಯಿಯ ಅಣ್ಣ ಬೆಸುಗೆ ಹಾಕುತ್ತಿದ್ದ. ಎರಡು ಸಾವಿರದ ಆರನೇ ಇಸವಿಯ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಹೊಸ ಯಂತ್ರ ಬಂತು. ನೀರಿನ ಒತ್ತಡದಿಂದ ಹಿತ್ತಾಳೆಯನ್ನು ಉಬ್ಬಿಸಿ ಅರ್ಧ ನಿಮಿಷಕ್ಕೊಂದು ಬಾಯಿ ಹೊರಹಾಕುವ ಯಂತ್ರ. ಒಂದು ಗುರುವಾರ ಅವಳ ವಿಭಾಗದ ಏಳು ಜನರನ್ನು ಮಾಲೀಕರ ಕೋಣೆಗೆ ಕರೆದರು. ಒಬ್ಬೊಬ್ಬರಿಗೂ ಹೂವಿನ ಗುಚ್ಛ, ಚಾಕೊಲೇಟಿನ ಡಬ್ಬಿ. ಉಳಿದ ಆರು ಜನ ಹೂವು ಹಿಡಿದುಕೊಂಡು ಹೊರಗೆ ಬಂದರು. ವ್ಲಾಸ್ತಾ ಮಾತ್ರ ಅಲ್ಲೇ ನಿಂತಳು.

"ನನ್ನ ಲೇತ್ ಏನ್ಮಾಡ್ತೀರಿ?"

"ಗುಜರಿಗೆ ಹೋಗುತ್ತೆ. ಯಾಕೆ?" ಎಂದ ಅಲ್ಲೇ ಇದ್ದ ಮೇಸ್ತ್ರಿ.

"ಗುಜರಿಯವನು ನಮ್ಮ ಬೀದಿ ಮೇಲೇ ಹೋಗೋದು. ನಮ್ಮನೆ ಮುಂದೆ ಇಳಿಸಿ ಹೋಗ್ಲಿ."

ಹಾಗೆ ಆ ಲೇತ್ ಅವರ ಮನೆಯ ಪಕ್ಕದ ಗ್ಯಾರೇಜಿಗೆ ಬಂತು. ಅವಳ ಗಂಡ ಲುಬೋರ್ ಆ ಊರಿನ ಒಂಟಿ ಬೋಗಿಯ ರೈಲಿನಲ್ಲಿ ಗಾರ್ಡ್. ಸಂಜೆ ಕೆಲಸ ಮುಗಿಸಿ ಬಂದವನು ತನ್ನ ಕಾರು ಬೀದಿಯಲ್ಲಿ ನಿಂತಿರುವುದನ್ನು ನೋಡಿದ, ಗ್ಯಾರೇಜಿನ ಬಾಗಿಲು ತೆರೆದು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ವ್ಲಾಸ್ತಾ, ಇದು ಎಷ್ಟು ದಿನ ಇರುತ್ತೆ ಇಲ್ಲಿ?"

"ನಾನು ಇರೋವರೆಗೂ."

"ಚಳಿಗಾಲ ಬಂತಲ್ಲೇ. ನನ್ನ ಕಾರು?"

"ಕಾರಿಗೆ ತಗಡಿನ ಮೈ ಇದೆ. ತಡ್ಕೊಳ್ಳುತ್ತೆ."

ಕೆಲಸ ಹೋದ ದಿನ ಅಳದ ಹೆಂಡತಿಯ ಜೊತೆ ವಾದ ಮಾಡುವುದು ಬೇಡವೆಂದು ಲುಬೋರನಿಗೆ ಅನಿಸಿತು. ಆದರೆ ಆ ಚಳಿಗಾಲವಿಡೀ ಬೆಳಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ಅವಳಿಗೆ ಕೇಳಿಸುವ ಹಾಗೆ ಗೊಣಗುವುದನ್ನು ಅವನು ಬಿಡಲಿಲ್ಲ.

ಮೊದಲ ತಿಂಗಳುಗಳಲ್ಲಿ ಸುತ್ತಲಿನ ಊರುಗಳ ಬ್ಯಾಂಡಿನವರು ನೆಗ್ಗಿದ ತುತ್ತೂರಿಗಳನ್ನು ರಿಪೇರಿಗೆ ತಂದರು. ನೆಗ್ಗು ಎಷ್ಟು ದಿನ ಸಿಗುತ್ತದೆ? ಜನವರಿಯ ಹೊತ್ತಿಗೆ ಅದೂ ನಿಂತಿತು. ಅವಳು ತಾಮ್ರದ ಆಲಿಕೆ ಮಾಡಿದಳು, ಮೇಣದಬತ್ತಿಯ ಬಟ್ಟಲು ಮಾಡಿದಳು, ಅಕ್ಕಪಕ್ಕದವರಿಗೆ ಹಂಚಿದಳು. ಬೆಳಗ್ಗೆ ಆರಕ್ಕೆ ಎಚ್ಚರವಾಗುವ ಅಭ್ಯಾಸ ಮಾತ್ರ ಹೋಗಲಿಲ್ಲ. ಎದ್ದು, ಕಾಫಿ ಕುಡಿದು, ಗ್ಯಾರೇಜಿಗೆ ಹೋಗಿ, ಮಾಡಲು ಕೆಲಸವಿಲ್ಲದೆ ಲೇತನ್ನು ಒರೆಸಿ ಎಣ್ಣೆ ಬಿಟ್ಟು ಬರುವಳು.

ಅಂಥದೊಂದು ಬೆಳಗ್ಗೆ ಮಾಂಸದಂಗಡಿಯ ಹಿನೆಕ್ ವೊಂದ್ರಾ ಬಂದ. ಐವತ್ತೆಂಟರ ಆಸಾಮಿ. ವಾರವಿಡೀ ಹಂದಿಮಾಂಸ ಕಡಿದು ಸಾಸೇಜು ತುಂಬುವುದು, ಬೇಸಿಗೆ ಬಂದರೆ ಪ್ರತಿ ಭಾನುವಾರ ತನ್ನ ಹಳೆಯ ಶ್ಕೋಡಾ ಕಾರನ್ನು ಬೆಟ್ಟದ ಓಟಕ್ಕೆ ಒಯ್ಯುವುದು, ಇವೆರಡೇ ಅವನ ಬದುಕು. ಆ ಓಟದಲ್ಲಿ ಕಾರುಗಳು ಒಂದರ ಹಿಂದೆ ಒಂದು ಒಂಟಿಯಾಗಿ ಬೆಟ್ಟದ ತಿರುವುಗಳನ್ನು ಏರುತ್ತವೆ. ಯಾರಿಗೆ ಕಡಿಮೆ ಹೊತ್ತು ಹಿಡಿಯಿತೋ ಅವರು ಗೆದ್ದ ಹಾಗೆ. ಹಿನೆಕ್ ಕಾಗದದಲ್ಲಿ ಸುತ್ತಿದ ಸಾಸೇಜನ್ನು ಬೆಂಚಿನ ಮೇಲಿಟ್ಟು, ಜೇಬಿನಿಂದ ಚಪ್ಪಟೆಯಾದ ಒಂದು ಪುಟ್ಟ ಅಲ್ಯೂಮಿನಿಯಂ ತುತ್ತೂರಿಯನ್ನು ತೆಗೆದ.

"ಕಾರ್ಬ್ಯುರೇಟರಿನ ಬಾಯಿಗೆ ಹಾಕೋದು ಇದು, ಗಾಳಿ ಸಲೀಸಾಗಿ ಒಳಗೆ ಹೋಗ್ಲಿ ಅಂತ. ನನ್ನ ಅಳಿಯ ಕಾಲಿಟ್ಟುಬಿಟ್ಟ. ನಾಲ್ಕು ಬೇಕು. ನೀನು ತುತ್ತೂರಿ ಮಾಡೋಳು ತಾನೆ?"

ಅವಳು ಮಧ್ಯಾಹ್ನದೊಳಗೆ ನಾಲ್ಕನ್ನೂ ಮಾಡಿ ಮುಗಿಸಿದಳು. ಮುಗಿಸಿದ ಮೇಲೆ ಅದು ಹೋಗಿ ಕೂರುವ ಜಾಗ ನೋಡಬೇಕೆನಿಸಿತು. ಕೋಟು ಹಾಕಿಕೊಂಡು ಹಿನೆಕ್‌ನ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದಳು. ಅವನು ಬಾನೆಟ್ ಎತ್ತಿದ. ಗಾಳಿಗೆ ಪೆಟ್ರೋಲ್ ಬೆರೆಸುವ, ಜೋಡಿ ಬಾಯಿಯ ಎರಡು ಕಾರ್ಬ್ಯುರೇಟರ್‌ಗಳು, ಅವುಗಳಿಂದ ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ಕೊಂಡೊಯ್ಯುವ ನಾಲ್ಕು ಕೊಳವೆಗಳ ಒಂದು ಗೊಂಚಲು. ಹಿನೆಕ್ ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ ಅಂದ. ಬಿಚ್ಚಿಟ್ಟ ಹಳೆಯದೊಂದು ಶೆಲ್ಫಿನ ಮೇಲೂ ಇತ್ತು. ವ್ಲಾಸ್ತಾ ಅದನ್ನು ಕೈಗೆತ್ತಿಕೊಂಡು, ರೂಢಿಯಂತೆ, ಬೆರಳನ್ನು ಒಳಗೆ ಹಾಕಿ ಸುತ್ತಿಸಿದಳು. ಬೆರಳು ತಡೆಯಿತು. ಕೊಳವೆಯೂ ಎಂಜಿನ್ನಿಗೆ ಬಿಗಿಯುವ ತಳಪಟ್ಟಿಯೂ ಸೇರುವಲ್ಲಿ ಉಗುರಿನ ದಪ್ಪದ ಮೆಟ್ಟಿಲು.

"ಇದನ್ನ ಯಾರು ಮಾಡಿದ್ದು?"

"ಎಲ್ಲೋ ಅಂಗಡಿಯಲ್ಲಿ ತಗೊಂಡೆ. ಯಾಕೆ, ಚೆನ್ನಾಗಿಲ್ವಾ?"

"ಇಂಥ ಅಂಚು ಬಿಟ್ಟು ತುತ್ತೂರಿ ಕೊಟ್ಟಿದ್ರೆ ನಮ್ಮ ಮೇಸ್ತ್ರಿ ಅದನ್ನ ನನ್ನ ತಲೆಗೇ ಹಾಕ್ತಿದ್ದ. ಕಾರಲ್ಲಿರೋದೂ ಹೀಗೇನಾ?"

"ಅದೂ ಹೀಗೇ. ಎಲ್ಲರದೂ ಹೀಗೇ, ವ್ಲಾಸ್ತಾ. ಇದು ಕಾರು ಕಣೇ, ಸಂಗೀತ ಕಛೇರಿ ಅಲ್ಲ."

"ಗಾಳಿಗೆ ಏನು ಗೊತ್ತು ಅದು ಕಾರು ಅಂತ?" ಎಂದಳು ಅವಳು. ಗೊಂಚಲನ್ನು ಕಂಕುಳಲ್ಲಿ ಇಟ್ಟುಕೊಂಡು, "ಇದು ನನ್ನ ಹತ್ರ ಇರ್ಲಿ. ನಿಂಗೆ ಬೇರೆ ಮಾಡಿಕೊಡ್ತೀನಿ" ಎಂದು ಹೊರಟಳು. ಹಿನೆಕ್ ಅದನ್ನು ತಮಾಷೆ ಎಂದೇ ತಿಳಿದ.

ಮೊದಲ ತೊಡಕು ಬೆಸುಗೆಯದು. ಹಿತ್ತಾಳೆಗೆ ಬೆಳ್ಳಿಯ ಬೆಸುಗೆ ಹಾಕುವುದು ಅವಳಿಗೆ ಬಾಲ್ಯದಿಂದ ನೋಡಿ ಗೊತ್ತು. ಅಲ್ಯೂಮಿನಿಯಂ ಹಾಗಲ್ಲ. ಕಾದಾಗ ಬಣ್ಣ ಬದಲಿಸಿ ಎಚ್ಚರಿಸುವುದಿಲ್ಲ. ನೋಡನೋಡುತ್ತಿದ್ದಂತೆ ಕೆಳಗೆ ಸುರಿದುಹೋಗುತ್ತದೆ. ಅದಕ್ಕೆ ಬೇರೆಯೇ ವೆಲ್ಡಿಂಗ್ ಯಂತ್ರ ಬೇಕು, ಬೇರೆಯೇ ಕೈ ಬೇಕು. ಅವಳು ಬಸ್ಸು ಹಿಡಿದು ಸೊಕೊಲೊವ್ ಪಟ್ಟಣಕ್ಕೆ ಹೋಗಿ ವೆಲ್ಡಿಂಗ್ ತರಗತಿಗೆ ಹೆಸರು ಬರೆಸಿದಳು. ವಾರಕ್ಕೆ ಮೂರು ಮಧ್ಯಾಹ್ನ. ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಹನ್ನೊಂದು ಹುಡುಗರ ನಡುವೆ ಐವತ್ತೊಂದರ ಹೆಂಗಸು.

ಮೊದಲ ದಿನ ಕಲಿಸುವವನು, "ಅಮ್ಮಾ, ಹೊಲಿಗೆ ತರಗತಿ ಮೇಲಿನ ಮಹಡಿ" ಎಂದ.

"ಗೊತ್ತು. ಮೇಲೆ ಹೋಗಿ ನೋಡ್ದೆ, ಅಲ್ಲಿ ಅಲ್ಯೂಮಿನಿಯಂ ಹೊಲಿಯಲ್ವಂತೆ" ಎಂದು ಅವಳು ಮುಖಗವಚ ಹಾಕಿಕೊಂಡಳು.

ಪರೀಕ್ಷೆಯಲ್ಲಿ ಅವಳು ನಪಾಸಾದಳು. ಅವಳು ಹಾಕಿದ ಬೆಸುಗೆಯನ್ನು ಕತ್ತರಿಸಿ ನೋಡಿದಾಗ ಒಳಗೆಲ್ಲ ಸೂಜಿಮೊನೆಯ ತೂತು, ಬ್ರೆಡ್ಡಿನ ಹಾಗೆ. ಹುಡುಗರೆಲ್ಲ ಪಾಸಾಗಿ ಬಿಯರ್ ಕುಡಿಯಲು ಹೋದರು. ಅವಳು ಆ ಕತ್ತರಿಸಿದ ತುಂಡನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಬಂದಳು. ದಾರಿಯುದ್ದಕ್ಕೂ ಅದನ್ನು ಮತ್ತೆ ಮತ್ತೆ ಹೊರಗೆ ತೆಗೆದು ತೂತುಗಳನ್ನು ನೋಡಿದಳು. ಕಾರ್ಖಾನೆಯವರು ಹೂವು ಕೊಟ್ಟ ದಿನ ಆಗದ ನೋವು ಈ ತುಂಡಿನಿಂದ ಆಯಿತು. ಮನೆಗೆ ಬಂದವಳೇ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು.

"ಇದ್ಯಾಕೆ ಇಲ್ಲಿ?" ಲುಬೋರ್ ಕೇಳಿದ.

"ನೋಡ್ತಾ ಇರೋಕೆ."

"ನಂಗೆ ನಿನ್ನ ಮುಖ ನೋಡಿದ್ರೆ ಸಾಕು, ಊಟ ಸೇರಲ್ಲ. ಬಿಟ್ಟುಬಿಡೇ. ರೈಲ್ವೆ ಕ್ಯಾಂಟೀನಿನಲ್ಲಿ ಜನ ಬೇಕಂತೆ. ಕಡುಬು ಬೇಯಿಸೋದು, ಕೋಸು ಹೆಚ್ಚೋದು. ಬೆಚ್ಚಗಿರುತ್ತೆ."

"ನಿಂಗೆ ಒಬ್ಬನಿಗೆ ಕಡುಬು ಬೇಯಿಸಿ ಸಾಕಾಗಿದೆ."

ಎರಡು ತಿಂಗಳ ನಂತರ ಮತ್ತೆ ಪರೀಕ್ಷೆ. ಅಷ್ಟರಲ್ಲಿ ಗ್ಯಾರೇಜಿಗೆ ಒಂದು ಹಳೆಯ ವೆಲ್ಡಿಂಗ್ ಯಂತ್ರ ಬಂದಿತ್ತು. ಯಾರೋ ಎಸೆದ ಕಿಟಕಿ ಚೌಕಟ್ಟುಗಳನ್ನು ಕತ್ತರಿಸಿ, ಸೇರಿಸಿ, ಮತ್ತೆ ಕತ್ತರಿಸಿ, ಒಳಗೆ ನೋಡುವುದೇ ಅವಳ ದಿನಚರಿ. ತೂತು ಬೀಳುತ್ತಿದ್ದುದು ಕೊಳೆಯಿಂದ. ಹಿತ್ತಾಳೆ ಕ್ಷಮಿಸುವ ಬೆವರ ಹನಿಯನ್ನೂ ಅಲ್ಯೂಮಿನಿಯಂ ಕ್ಷಮಿಸುವುದಿಲ್ಲ ಎಂದು ಕಂಡುಕೊಳ್ಳಲು ಅವಳಿಗೆ ಐದು ವಾರ ಹಿಡಿಯಿತು. ಆಮೇಲೆ ಪ್ರತಿ ತುಂಡನ್ನೂ ತೊಳೆದು, ಉಜ್ಜಿ, ಬರಿಗೈಯಲ್ಲಿ ಮುಟ್ಟದೆ ಬೆಸೆದಳು. ಎರಡನೇ ಸಲ ಕಲಿಸುವವನು ಅವಳ ತುಂಡನ್ನು ಕತ್ತರಿಸಿ, ಭೂತಗನ್ನಡಿ ಹಿಡಿದು ನೋಡಿ, ಸಹಿ ಹಾಕಿದ.

ಆ ಬೇಸಿಗೆಯಲ್ಲಿ ಅವಳು ಮೊದಲ ಗೊಂಚಲು ಮಾಡಿದಳು. ಕೊಳವೆ ಬಗ್ಗಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಕೊಳವೆಗೆ ಸಾಬೂನು ಸವರಿ ಕಾಯಿಸಬೇಕು. ಸಾಬೂನು ಕಂದು ಬಣ್ಣಕ್ಕೆ ತಿರುಗಿದರೆ ಅಲ್ಯೂಮಿನಿಯಂ ಮೆತ್ತಗಾಯಿತು ಎಂದು ಲೆಕ್ಕ. ಆರಿದ ಮೇಲೆ ಒಳಗೆ ಕಾದ ರಾಳ ಸುರಿದು, ಅದು ಗಟ್ಟಿಯಾದ ಮೇಲೆ ನಿಧಾನಕ್ಕೆ ಬಗ್ಗಿಸಿದರೆ ಕೊಳವೆ ನೆಗ್ಗದೆ ಬಾಗುತ್ತದೆ. ತುತ್ತೂರಿಯ ಬಾಗನ್ನು ಕಾರ್ಖಾನೆಯಲ್ಲಿ ಹಾಗೆಯೇ ಮಾಡುತ್ತಿದ್ದರು. ನಾಲ್ಕೂ ಕೊಳವೆಗಳು ಅಕ್ಕತಂಗಿಯರ ಹಾಗೆ ಕಂಡವು. ತಳಪಟ್ಟಿಗೆ ಬೆಸೆದಳು. ಹಿನೆಕ್ ಬಂದು, "ಇದನ್ನ ಎಂಜಿನ್ನಿಗೆ ಹಾಕೋಕೆ ಮನಸ್ಸು ಬರಲ್ಲ, ಗಾಜಿನ ಬೀರುವಿನಲ್ಲಿಡಬೇಕು" ಎಂದ.

ಎಂಜಿನ್ನಿಗೆ ಹಾಕಿದಾಗ ಅದು ಹುಚ್ಚು ಹಿಡಿದಂತೆ ಕೂಗಿತು. ಒಮ್ಮೆ ಏರುವುದು, ಒಮ್ಮೆ ಕೆಮ್ಮಿ ನಿಲ್ಲುವುದು. ಬೆಸುಗೆಯ ಕಾವಿಗೆ ತಳಪಟ್ಟಿ ಬಾಳೆಹಣ್ಣಿನಂತೆ ಬಾಗಿತ್ತು. ಎರಡು ತುದಿಗಳಲ್ಲೂ ಸಂದು ಬಿಟ್ಟು ಎಂಜಿನ್ ಹೊರಗಿನ ಗಾಳಿಯನ್ನು ಕುಡಿಯುತ್ತಿತ್ತು.

"ಹೋಗ್ಲಿ ಬಿಡು" ಎಂದ ಹಿನೆಕ್, ಅವಳ ಮುಖ ನೋಡದೆ. "ಗ್ಯಾಸ್ಕೆಟ್ ದಪ್ಪದ್ದು ಹಾಕಿ ಬಿಗಿದ್ರೆ ಆಯ್ತು."

"ಬಿಗಿದ್ರೆ ಅದು ನಿನ್ನ ಎಂಜಿನ್ನಿನ ಹೆಡ್ಡನ್ನೇ ಎಳೆದುಬಿಡುತ್ತೆ. ಕೊಡು ಇಲ್ಲಿ."

ಅವನ ಕಣ್ಣೆದುರೇ ಅವಳು ಅದನ್ನು ಬೆಂಚಿನ ವೈಸಿನಲ್ಲಿ ಬಿಗಿದು, ಗರಗಸ ತೆಗೆದುಕೊಂಡು, ನಾಲ್ಕು ಕೊಳವೆಗಳನ್ನೂ ಬುಡದಲ್ಲಿ ಕೊಯ್ದಳು. ಹಿನೆಕ್‌ಗೆ ನೋಡಲಾಗದೆ ಹೊರಗೆ ಹೋಗಿ ಸಿಗರೇಟು ಹಚ್ಚಿದ. ದಿನಕ್ಕೆ ಎರಡು ಹಂದಿ ಕೊಯ್ಯುವ ಮನುಷ್ಯ ಅವನು.

ಎರಡನೆಯದನ್ನು ಮಾಡುವಾಗ ಅವಳು ರೈಲ್ವೆ ಗುಜರಿಯಿಂದ ಲುಬೋರ್ ಕೈಯಲ್ಲಿ ಹೆಬ್ಬೆರಳು ದಪ್ಪದ ಉಕ್ಕಿನ ಹಲಗೆ ತರಿಸಿದಳು. ತಳಪಟ್ಟಿಯನ್ನು ಅದಕ್ಕೆ ಹತ್ತು ಬೋಲ್ಟಿನಿಂದ ಕಟ್ಟಿ, ಈ ತುದಿಯಲ್ಲಿ ಒಂದು ಚೂರು, ಆ ತುದಿಯಲ್ಲಿ ಒಂದು ಚೂರು, ಕಾವು ಒಂದೇ ಕಡೆ ನಿಲ್ಲದ ಹಾಗೆ ಬೆಸೆದಳು. ಒಂದು ಇಡೀ ದಿನ ಹಲಗೆಯಿಂದ ಬಿಚ್ಚದೆ ಆರಲು ಬಿಟ್ಟಳು. ಆಮೇಲೆ ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತಳವನ್ನು ತೀಡಿದಳು. ಕೊನೆಗೆ ಒಂದೊಂದು ಕೊಳವೆಗೂ ನೀರು ತುಂಬಿಸಿ ಅಳೆದಳು. ನಾಲ್ಕನೆಯದು ಒಂದು ಚಮಚ ಕಡಿಮೆ ಹಿಡಿಯಿತು. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಆ ಒಂದನ್ನು ಕತ್ತರಿಸಿ ಹೊಸದು ಹಾಕಿದಳು.

ಈ ಸಲ ಎಂಜಿನ್ ಮೊದಲ ಸಲಕ್ಕೇ ಹಿಡಿದು, ಹದವಾಗಿ ನಿಂತಿತು. ಹಿನೆಕ್ ಅವಳನ್ನೂ ಕೂರಿಸಿಕೊಂಡು ಖೆಬ್ ಪಟ್ಟಣದ ಹತ್ತಿರ ಇರುವ ಹಬರ್ಮನ್ ಎಂಬ ಇಂಜಿನಿಯರನ ಬಳಿಗೆ ಹೋದ. ಸುತ್ತಲಿನ ಓಟಗಾರರೆಲ್ಲ ಎಂಜಿನ್ ಹದ ಮಾಡಿಸುವುದು ಅವನಲ್ಲೇ. ಅವನ ಶೆಡ್ಡಿನ ನೆಲದಲ್ಲಿ ರೋಲರುಗಳಿದ್ದವು. ಚಕ್ರಗಳನ್ನು ಅದರ ಮೇಲೆ ಓಡಿಸಿದರೆ ಎಂಜಿನ್ನಿನ ಶಕ್ತಿ ಎಷ್ಟೆಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ಹಬರ್ಮನ್ ಅರವತ್ತು ದಾಟಿದ, ಬಿಳಿ ಅಂಗಿಯ ತೋಳನ್ನು ಎಂದೂ ಮಡಚದ ಮನುಷ್ಯ. ಬಾನೆಟ್ಟಿನೊಳಗೆ ನೋಡಿ, "ಇದನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದ. ಹಿನೆಕ್ ವ್ಲಾಸ್ತಾಳ ಕಡೆ ತೋರಿಸಿದ.

"ನೀವು ಯಾವ ಕಾರ್ಖಾನೆಯಲ್ಲಿದ್ರಿ, ಪೆಖೋವಾ ಅವರೇ?"

"ತುತ್ತೂರಿ ಕಾರ್ಖಾನೆಯಲ್ಲಿ."

ಹಬರ್ಮನ್ ಕಾರನ್ನು ರೋಲರುಗಳ ಮೇಲೆ ಹತ್ತಿಸಿದ. ಮೂರು ಸಲ ಓಡಿಸಿದ. ಗೆರೆಯ ಕೊನೆಯ ಭಾಗ ಹಳೆಯದಕ್ಕಿಂತ ಮೇಲೆ ಹೋಗಿತ್ತು. ನಡುವಿನಲ್ಲಿ ಮಾತ್ರ ಗುಂಡಿ ಬಿದ್ದಿತ್ತು.

"ಮೇಲೆ ಶಕ್ತಿ ಇದೆ, ಒಪ್ತೀನಿ. ನಡುವೆ ಖಾಲಿ. ಬೆಟ್ಟದ ತಿರುವಿನಿಂದ ಹೊರಗೆ ಬರೋವಾಗ ನಿಮಗೆ ಬೇಕಾಗಿರೋದೇ ಈ ನಡು. ಕೊಳವೆ ಗಿಡ್ಡ ಆಯ್ತು."

"ಎಷ್ಟು ಗಿಡ್ಡ?"

"ಅದನ್ನ ಲೆಕ್ಕ ಹಾಕಬಹುದು. ಲೆಕ್ಕ ಹೇಳಿದ ಹಾಗೆ ಎಂಜಿನ್ ಕೇಳಲ್ಲ, ಅದು ಬೇರೆ ಮಾತು. ನೋಡಿ, ಅಂಗಡಿಯಲ್ಲಿ ಸಿಗೋದೇ ಒಳ್ಳೇದು. ಅಷ್ಟಕ್ಕೇ ತೃಪ್ತಿಯಾಗಿರಿ."

"ಸಾಹೇಬ್ರೇ, ಆ ಬಾಯಿಗೆ ಹಾಕಿರೋ ತುತ್ತೂರಿ ಉದ್ದ ಮಾಡಿದ್ರೆ ಕೊಳವೆ ಉದ್ದ ಮಾಡಿದ ಹಾಗೇ ಅಲ್ವಾ?"

ಹಬರ್ಮನ್ ಕನ್ನಡಕ ತೆಗೆದ. "ಹೆಚ್ಚುಕಮ್ಮಿ ಹೌದು."

"ಹಾಗಾದ್ರೆ ನಂಗೆ ಒಂದು ಶನಿವಾರ ಕೊಡಿ. ಬೇರೆ ಬೇರೆ ಉದ್ದದ್ದು ಮಾಡ್ಕೊಂಡು ಬರ್ತೀನಿ."

"ನನ್ನ ಶನಿವಾರ ಆಟಕ್ಕಲ್ಲ."

"ನಂದೂ ಅಲ್ಲ."

ಅವನು ಕ್ಯಾಲೆಂಡರ್ ನೋಡಿ ನವೆಂಬರಿನ ಒಂದು ದಿನ ಕೊಟ್ಟ. ಅಷ್ಟು ದೂರದ ದಿನ ಕೊಟ್ಟರೆ ಈ ಹೆಂಗಸು ಮರೆತುಬಿಡುತ್ತಾಳೆ ಎಂದುಕೊಂಡಿದ್ದ ಎಂದು ಅವನೇ ಆಮೇಲೆ ಹಿನೆಕ್‌ಗೆ ಹೇಳಿದನಂತೆ.

ನವೆಂಬರಿನ ಆ ಶನಿವಾರ ಬೆಳಗ್ಗೆ ಎಂಟಕ್ಕೆ ಅವಳು ಮೊಟ್ಟೆ ಇಡುವ ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ನಾಲ್ಕರ ಆರು ಜೊತೆ ತುತ್ತೂರಿಗಳನ್ನು ಜೋಡಿಸಿಕೊಂಡು ಅವನ ಬಾಗಿಲಲ್ಲಿ ನಿಂತಿದ್ದಳು. ಒಂದೊಂದು ಜೊತೆಯೂ ಹಿಂದಿನದಕ್ಕಿಂತ ಒಂದು ಸೆಂಟಿಮೀಟರ್ ಉದ್ದ. ಮೊದಲ ಜೊತೆಗೆ ಹಬರ್ಮನ್ ಕುರ್ಚಿಯಲ್ಲಿ ಕೂತೇ ಬಟನ್ ಒತ್ತಿದ. ಎರಡನೆಯದಕ್ಕೆ ಗೆರೆಯ ಗುಂಡಿ ಸ್ವಲ್ಪ ತುಂಬಿತು. ಮೂರನೆಯದಕ್ಕೆ ಅವನು ಎದ್ದು ಪರದೆಯ ಹತ್ತಿರ ಬಂದ. ನಾಲ್ಕನೆಯದನ್ನು ಹಾಕುವಾಗ ಸ್ಕ್ರೂಡ್ರೈವರ್ ಹಿಡಿದು ಅವನೇ ಬಾನೆಟ್ಟಿನೊಳಗೆ ಬಗ್ಗಿದ್ದ. ಬಿಳಿ ಅಂಗಿಯ ತೋಳಿಗೆ ಎಣ್ಣೆ ತಾಗಿದ್ದು ಅವನಿಗೆ ಗೊತ್ತಾಗಲಿಲ್ಲ. ಐದನೆಯದಕ್ಕೆ ನಡು ಇನ್ನೂ ತುಂಬಿತು, ಆದರೆ ಮೇಲಿನ ಶಕ್ತಿ ಇಳಿಯಿತು. ಆರನೆಯದನ್ನು ಪೆಟ್ಟಿಗೆಯಿಂದ ತೆಗೆಯುವ ಅಗತ್ಯವೇ ಬರಲಿಲ್ಲ.

"ನಾಲ್ಕು" ಎಂದ ಹಬರ್ಮನ್.

"ನಾಲ್ಕಕ್ಕೂ ಐದಕ್ಕೂ ನಡುವೆ" ಎಂದಳು ವ್ಲಾಸ್ತಾ. "ನಾಲ್ಕರಲ್ಲಿ ಇನ್ನೂ ಚೂರು ಗುಂಡಿ ಇದೆ. ಇಲ್ಲಿ ನೋಡಿ."

ಅವನು ನೋಡಿದ. ಇತ್ತು. ಮಧ್ಯಾಹ್ನ ಅವನ ಹೆಂಡತಿ ಮೂವರಿಗೂ ಸೂಪು ಮತ್ತು ರೊಟ್ಟಿ ತಂದುಕೊಟ್ಟಳು. ಗಂಡ ಶೆಡ್ಡಿಗೆ ಬಂದವರಿಗೆ ಊಟ ಹಾಕಲು ಹೇಳಿದ್ದು ಅವಳಿಗೂ ಹೊಸದಿರಬೇಕು. ತಟ್ಟೆ ಇಟ್ಟು ಸ್ವಲ್ಪ ಹೊತ್ತು ನಿಂತು ನೋಡಿ ಹೋದಳು.

ಚಳಿಗಾಲದಲ್ಲಿ ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮೂರನೆಯ ಗೊಂಚಲಿನಲ್ಲಿ ಕೊಳವೆಯೇ ಸರಿಯಾದ ಉದ್ದ, ಬಾಗು ನಿಧಾನ, ಒಳಗೆ ಬೆರಳಿಗೆ ಎಲ್ಲೂ ತಡೆಯಿಲ್ಲ. ಮೇ ತಿಂಗಳ ಮೊದಲ ಓಟಕ್ಕೆ ಹಿನೆಕ್ ಅವಳನ್ನೂ ಲುಬೋರನನ್ನೂ ಕರೆದ. ಮನೆಯಿಂದ ಒಂದೂವರೆ ಗಂಟೆ ದೂರದ ಬೆಟ್ಟ. ಶನಿವಾರ ಅಭ್ಯಾಸ, ಭಾನುವಾರ ಓಟ. ಹುಲ್ಲಿನ ಮೈದಾನದಲ್ಲಿ ಕಾರುಗಳು, ಡೇರೆಗಳು, ಒಲೆಯ ಮೇಲೆ ಸುಡುವ ಮಾಂಸದ ಹೊಗೆ. ಹಿನೆಕ್‌ನ ಎಂಜಿನ್ನಿನ ಗೊಂಚಲು ಯಾರು ಮಾಡಿದ್ದೆಂದು ಸುದ್ದಿ ಆಗಲೇ ಹರಡಿತ್ತು. ಅವನ ವರ್ಗದಲ್ಲೇ ಓಡುವ ಒಬ್ಬ ಗಡ್ಡದವನು ಪಕ್ಕದ ಡೇರೆಯಿಂದ ಕೂಗಿ ಹೇಳಿದ:

"ಏನಪ್ಪಾ ಹಿನೆಕ್, ಬ್ಯಾಂಡ್‌ಸೆಟ್ ಕಟ್ಟಿಕೊಂಡು ಬಂದಿದ್ದೀಯಂತೆ. ಮದುವೆ ಯಾರದ್ದು?"

"ನಿಂದೇ" ಎಂದ ಲುಬೋರ್, ಕುರ್ಚಿಯಿಂದ ಏಳದೆ. "ಹೆಣ್ಣು ಸಿಗ್ಲಿ ಅಂತ ಕಾಯ್ತಾ ಇದೀವಿ."

ಡೇರೆಗಳೆಲ್ಲ ನಕ್ಕವು. ವ್ಲಾಸ್ತಾ ನಗಲಿಲ್ಲ. ಅವಳು ಮೊದಲ ಅಭ್ಯಾಸದ ಓಟದಿಂದ ಇಳಿದು ಬಂದ ಕಾರಿನ ಬಾನೆಟ್ ಎತ್ತಿ ಮೂಗು ಹಾಕಿದ್ದಳು. ಪೆಟ್ರೋಲಿನ ವಾಸನೆ. ಬೆರಳು ಆಡಿಸಿದಳು. ಮೂರನೆಯ ಕೊಳವೆಯ ಬುಡದಲ್ಲಿ, ಬೆಸುಗೆಯ ಅಂಚಿಗೆ, ಕೂದಲೆಳೆಯಷ್ಟು ಬಿರುಕು. ಅವಳಿಗೆ ಕೂಡಲೇ ಅರ್ಥವಾಯಿತು. ಎರಡು ಭಾರದ ಕಾರ್ಬ್ಯುರೇಟರ್‌ಗಳು ಬರೀ ಕೊಳವೆಗಳ ತುದಿಗೆ ಜೋತುಬಿದ್ದಿದ್ದವು. ಬೆಟ್ಟದ ರಸ್ತೆಯ ಅದುರಾಟಕ್ಕೆ ಆ ಭಾರವೆಲ್ಲ ಬುಡಕ್ಕೆ ಬಂದಿತ್ತು. ಕೆಳಗಿನಿಂದ ಒಂದು ಆಧಾರ ಕೊಡಬೇಕಿತ್ತು. ತುತ್ತೂರಿಗೆ ಊದುವವನ ಕೈಯೇ ಆಧಾರ. ಇಲ್ಲಿ ಕೈ ಕೊಡುವವರು ಯಾರು ಎಂದು ಅವಳು ಯೋಚಿಸಿರಲಿಲ್ಲ.

"ನನ್ನ ತಪ್ಪು" ಎಂದಳು.

ಹಿನೆಕ್ ಬಗ್ಗಿ ನೋಡಿದ. "ಕೂದಲಷ್ಟು ಇದೆ. ಮಧ್ಯಾಹ್ನದ್ದೂ ನಾಳೆಯದ್ದೂ ಸೇರಿ ಮೂರು ಓಟ ತಾನೆ. ತಡ್ಕೊಳ್ಳುತ್ತೆ."

"ತಡ್ಕೊಳ್ಳಲ್ಲ. ಪೆಟ್ರೋಲ್ ಸೋರುತ್ತೆ, ಕೆಳಗಡೆ ಕಾದ ಎಂಜಿನ್ ಇದೆ. ನೀನು ಸಾಸೇಜ್ ಆಗಿ ಬರ್ತೀಯ."

"ಹಳೇದು ಹಾಕ್ಕೋತೀನಿ ಹಾಗಾದ್ರೆ. ತಂದಿದೀನಿ."

ಅವಳು ಅವನನ್ನೇ ನೋಡಿದಳು. ಅವನು ಹಳೆಯದನ್ನು ಜೊತೆಗೆ ತಂದಿದ್ದ ಎಂಬುದು ಅವಳಿಗೆ ಬಿರುಕಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೆ ತರದಿದ್ದರೆ ಅವನು ಮೂರ್ಖನಾಗುತ್ತಿದ್ದ ಎಂಬುದೂ ಅವಳಿಗೆ ಗೊತ್ತಿತ್ತು.

"ಮಧ್ಯಾಹ್ನದ ಅಭ್ಯಾಸಕ್ಕೆ ಹಳೇದು ಹಾಕ್ಕೋ. ಇದನ್ನ ನಾನು ತಗೊಂಡು ಹೋಗ್ತೀನಿ. ನಾಳೆ ಬೆಳಗ್ಗೆ ಏಳಕ್ಕೆ ಇಲ್ಲಿರ್ತೀನಿ. ಲುಬೋರ್, ಕಾರು ತೆಗಿ."

"ಈಗ ತಾನೆ ಬಿಯರ್ ತೆರೆದೆ."

"ಕುಡಿದಿಲ್ವಲ್ಲ. ಹಿನೆಕ್‌ಗೆ ಕೊಡು."

ದಾರಿಯುದ್ದಕ್ಕೂ ಅವಳ ಕಣ್ಣು ಬಿರುಕಿನ ಮೇಲೇ ಇತ್ತು. ಗೊಂಚಲು ಮಡಿಲಲ್ಲಿತ್ತು. ಲುಬೋರ್ ತನ್ನ ರೈಲಿನ ಹಾಗೆಯೇ, ಎಲ್ಲೂ ಅವಸರ ಮಾಡದೆ, ಎಲ್ಲೂ ತಡಮಾಡದೆ ಓಡಿಸಿದ. ಊರು ಹತ್ತಿರ ಬಂದಾಗ ಅವನೇ ಕೇಳಿದ:

"ಕೊಳವೆಗೆ ಕೆಳಗಿಂದ ಕಂಬ ಕೊಡಬೇಕು, ಅಷ್ಟೇ ತಾನೆ?"

"ಕಂಬ ಗಟ್ಟಿ ಇದ್ರೆ ಕೊಳವೆ ಕಾದು ಉದ್ದ ಆದಾಗ ಎಲ್ಲಿಗೆ ಹೋಗ್ಬೇಕು? ಮತ್ತೆ ಬಿರುಕು ಬಿಡುತ್ತೆ. ಸ್ವಲ್ಪ ಆಡೋ ಹಾಗಿರ್ಬೇಕು."

"ಬೋಗಿ ಕೆಳಗೆ ರಬ್ಬರ್ ಬಿಲ್ಲೆ ಇರುತ್ತೆ ನಮ್ಮಲ್ಲಿ. ಭಾರ ಹೊರುತ್ತೆ, ಅಲ್ಲಾಡೋಕೂ ಬಿಡುತ್ತೆ. ಹಳೇ ಬಿಲ್ಲೆ ನಿಲ್ದಾಣದ ಶೆಡ್ಡಲ್ಲಿ ರಾಶಿ ಬಿದ್ದಿದೆ."

ಅವಳು ಮೊದಲ ಸಲ ಅವನ ಕಡೆ ತಿರುಗಿದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ನಾನು ಹಿಮ ಕೆರೀತಾ ಇದ್ದೆ."

ನಿಲ್ದಾಣದ ಶೆಡ್ಡಿನ ಬೀಗ ತೆಗೆಸಿ ಎರಡು ಬಿಲ್ಲೆ ತಂದರು. ಅವಳು ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು, ಅದು ಮುಂದೆ ಹರಿಯದಂತೆ ಮಾಡಿ, ಅರದಿಂದ ತೋಡಿ, ತೊಳೆದು, ಮತ್ತೆ ಬೆಸೆದಳು. ಗೊಂಚಲನ್ನು ಅದೇ ಉಕ್ಕಿನ ಹಲಗೆಗೆ ಕಟ್ಟಿದಳು. ಅದು ಆರುವಷ್ಟರಲ್ಲಿ ಲುಬೋರ್ ಕಬ್ಬಿಣದ ಪಟ್ಟಿ ಬಗ್ಗಿಸಿ, ಬಿಲ್ಲೆ ಕೂರುವಂಥ ಆಧಾರದ ಕಾಲು ಮಾಡಿದ. ಅವನು ಮಾಡಿದ್ದು ಸೊಟ್ಟಗಿತ್ತು. ಅವಳು ಎರಡು ಪೆಟ್ಟು ಹಾಕಿ ನೆಟ್ಟಗೆ ಮಾಡಿದಳು. ಸಂಜೆ ಏಳರ ಹೊತ್ತಿಗೆ ಎಲ್ಲ ಮುಗಿದು, ಇಬ್ಬರೂ ಗ್ಯಾರೇಜಿನ ಹೊಸ್ತಿಲಲ್ಲಿ ಕೂತು ರೊಟ್ಟಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಿಂದರು.

ಭಾನುವಾರ ಏಳಕ್ಕೆ ಐದು ನಿಮಿಷ ಇರುವಾಗ ಅವರು ಮೈದಾನದಲ್ಲಿದ್ದರು. ಹಿನೆಕ್ ಆಗಲೇ ಹಳೆಯದನ್ನು ಬಿಚ್ಚಿ ಇಟ್ಟು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದ. ಅದನ್ನು ಕಂಡು ವ್ಲಾಸ್ತಾಳಿಗೆ ನಿನ್ನೆಯ ನೋವು ಮರೆತುಹೋಯಿತು. ಜೋಡಿಸಿದರು. ಹಿನೆಕ್ ಹೆಲ್ಮೆಟ್ ಹಾಕಿಕೊಂಡು ಹೊರಟ.

ಬೆಟ್ಟದ ಮೂರನೆಯ ತಿರುವಿನಲ್ಲಿ, ಹುಲ್ಲಿನ ದಿಬ್ಬದ ಮೇಲೆ, ಅವಳು ಜನರ ನಡುವೆ ನಿಂತಳು. ಕಾರು ಕಾಣುವ ಮೊದಲೇ ದನಿ ಬಂತು. ತಿರುವಿಗೆ ಬಂದಾಗ ದನಿ ಇಳಿಯಿತು, ಕಾರು ಹೊರಳಿತು, ಹಿನೆಕ್ ಮತ್ತೆ ಪೆಡಲ್ ಒತ್ತಿದ. ಅಲ್ಲಿ, ಹಿಂದೆ ಖಾಲಿಯಾಗಿದ್ದ ಆ ಜಾಗದಲ್ಲಿ, ಎಂಜಿನ್ ತಡವರಿಸದೆ ಒಂದೇ ಉಸಿರಿನಲ್ಲಿ ತುಂಬಿಕೊಂಡು ಮೇಲೇರಿತು. ಅವಳು ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಒಂದು ವಸ್ತು ಯಾರದೋ ಕೈಯಲ್ಲಿ ದನಿ ಮಾಡುವುದನ್ನು ನಿಂತು ಕೇಳಿದ್ದು ಅದೇ ಮೊದಲು.

ಎರಡು ಓಟದ ಸಮಯ ಕೂಡಿಸಿದಾಗ ಹಿನೆಕ್ ತನ್ನ ವರ್ಗದಲ್ಲಿ ಮೂರನೆಯವನಾದ. ಹಿಂದಿನ ವರ್ಷ ಅದೇ ಬೆಟ್ಟದಲ್ಲಿ ಅವನು ಒಂಬತ್ತನೆಯವನು. ಗಡ್ಡದವನು ನಾಲ್ಕನೆಯವನಾದ. ಬಹುಮಾನವೆಂದು ಕೊಟ್ಟ ಗಾಜಿನ ಲೋಟವನ್ನು ಹಿನೆಕ್ ವ್ಲಾಸ್ತಾಳ ಕೈಗಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ಅಂಚು ನೋಡಿ, "ಇದನ್ನೂ ಸರಿಯಾಗಿ ತೀಡಿಲ್ಲ" ಎಂದಳು.

ಸಂಜೆ ಡೇರೆ ಬಿಚ್ಚುವಾಗ ಹಬರ್ಮನ್ ಬಂದ. ಅವನೂ ಅಲ್ಲಿದ್ದುದು ಅವಳಿಗೆ ಗೊತ್ತಿರಲಿಲ್ಲ.

"ಪೆಖೋವಾ ಅವರೇ, ನನ್ನ ಇಬ್ಬರು ಗಿರಾಕಿಗಳಿಗೆ ಇಂಥದ್ದು ಬೇಕು. ಯಾವಾಗ ಆಗುತ್ತೆ?"

"ಎಂಜಿನ್ ತಂದು ತೋರಿಸ್ಲಿ. ಕಾರು ನೋಡದೆ ಮಾಡಲ್ಲ. ನಂಗೆ ನಿಮ್ಮ ರೋಲರ್ ಮೇಲೆ ಒಂದೊಂದಕ್ಕೂ ಎರಡೆರಡು ಶನಿವಾರ ಬೇಕು."

"ಎರಡು ಜಾಸ್ತಿ ಆಯ್ತು."

"ಹಾಗಾದ್ರೆ ಅಂಗಡಿಯಲ್ಲಿ ಸಿಗೋದೇ ತಗೊಳ್ಳಿ."

ಹಬರ್ಮನ್ ಎರಡು ಶನಿವಾರ ಕೊಟ್ಟ.

ಆಮೇಲಿನ ವರ್ಷಗಳಲ್ಲಿ ಗ್ಯಾರೇಜಿಗೆ ಕೆಲಸ ತಪ್ಪಲಿಲ್ಲ. ಗಡಿಯಾಚೆಯ ಜರ್ಮನರು ಬಂದರು, ಪೋಲೆಂಡಿನಿಂದ ಒಬ್ಬ ಪಾದ್ರಿ ಬಂದ. ಅವನೂ ಓಟಗಾರ, ಓಟದ ದಿನ ಪ್ರಾರ್ಥನೆ ಬೇಗ ಮುಗಿಸುತ್ತಾನಂತೆ. ಗಡ್ಡದವನೂ ಎರಡನೇ ವರ್ಷವೇ ಬಂದ. ಅವನನ್ನು ಅವಳು ಸರದಿಯಲ್ಲೇ ಕಾಯಿಸಿದಳು, ಮುಂದೂ ಹಾಕಲಿಲ್ಲ, ಹಿಂದೂ ತಳ್ಳಲಿಲ್ಲ. ಹೊಳಪು ಹಾಕಿಕೊಡಿ ಎಂದು ಕೇಳಿದವರಿಗೆ, ಹೊರಗಿನ ಹೊಳಪು ನಿಮ್ಮ ಕೆಲಸ, ಒಳಗಿನದು ನನ್ನ ಕೆಲಸ ಎನ್ನುತ್ತಿದ್ದಳು. ವರ್ಷಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ಗೊಂಚಲು. ಅದಕ್ಕಿಂತ ಹೆಚ್ಚು ಮಾಡಲು ಅವಳಿಗೆ ಆಗುತ್ತಿರಲಿಲ್ಲ, ಆಗುವ ಹಾಗೆ ಮಾಡಲು ಅವಳಿಗೆ ಇಷ್ಟವೂ ಇರಲಿಲ್ಲ.

ಅರವತ್ತೊಂದು ತುಂಬಿದ ವರ್ಷ ಅವಳ ಬಲಭುಜ ಎತ್ತಲಾಗದಂತೆ ಹಿಡಿದುಕೊಂಡಿತು. ವೈದ್ಯರು ಸಲಾಕೆ ಒತ್ತುವುದು ಸಾಕು ಎಂದರು. ಅವಳು ಮೂರು ತಿಂಗಳು ಎಡಗಂಕುಳಲ್ಲಿ ಸಲಾಕೆ ಹಿಡಿದು ಅಭ್ಯಾಸ ಮಾಡಿದಳು. ಮೊದಲು ಮಾಡಿದ್ದೆಲ್ಲ ಸುಕ್ಕುಬಿದ್ದು ಗುಜರಿಗೆ ಹೋಯಿತು. ನಾಲ್ಕನೇ ತಿಂಗಳಿಂದ ಹೋಗಲಿಲ್ಲ.

ಆ ಶರತ್ಕಾಲದಲ್ಲಿ ಸ್ಲೊವಾಕಿಯಾದಿಂದ ಗಂಡ ಹೆಂಡತಿ ಇಬ್ಬರು ವ್ಯಾನಿನಲ್ಲಿ ಒಂದು ಎಂಜಿನ್ ತಂದಿಳಿಸಿದರು. ಅದಕ್ಕೆ ಬೇಕಾದದ್ದು ನಾಲ್ಕು ಕೊಳವೆಯ ಗೊಂಚಲಲ್ಲ. ಒಂದೇ ದೊಡ್ಡ ಪೆಟ್ಟಿಗೆಯಿಂದ ಎಲ್ಲ ಕೊಳವೆಗಳಿಗೂ ಗಾಳಿ ಹಂಚುವ, ಟರ್ಬೋ ಎಂಬ ಯಂತ್ರ ನೂಕುವ ಗಾಳಿಯ ಒತ್ತಡಕ್ಕೆ ಉಬ್ಬದೆ ನಿಲ್ಲುವ ಮ್ಯಾನಿಫೋಲ್ಡ್. ವ್ಲಾಸ್ತಾ ಎಂಜಿನ್ನಿನ ಸುತ್ತ ಎರಡು ಸುತ್ತು ಬಂದಳು, ಬಗ್ಗಿ ಕಿಂಡಿಗಳೊಳಗೆ ಬೆರಳು ಹಾಕಿ ನೋಡಿದಳು.

"ಇದನ್ನ ನಾನು ಈವರೆಗೆ ಮಾಡಿಲ್ಲ" ಎಂದಳು.

ಬಂದ ಹೆಂಗಸಿನ ಮುಖ ಸಪ್ಪಗಾಯಿತು. "ಹಾಗಾದ್ರೆ ವಾಪಸ್ ತಗೊಂಡು ಹೋಗೋದಾ?"

"ನಾನು ಹಾಗೆ ಹೇಳಿದ್ನಾ? ಒಳಗಿಡಿ. ಬಾಗಿಲು ಹಾಕ್ಕೊಂಡು ಬನ್ನಿ, ಮೊದಲು ಕಾಫಿ ಕುಡಿಯೋಣ."